ಚಳಿಗೆ ಸುಟ್ಟ ಮದರಂಗಿ

ಮೊನ್ನೆ ಬೆಳಿಗ್ಗೆ ಕೊಪ್ಪದ ನಮ್ಮ ಅಡುಗೆಮನೆಯಲ್ಲಿ ಹರಿವೆ ಸೊಪ್ಪು ಬೇಯಿಸಿ ನೀರು ಬಸಿಯುತ್ತಿದ್ದೆ. ಮುಚ್ಚಳ ಸರಿಸಿದಾಗ ಹಬೆಯ ಜೊತೆ ಬೆಂದ ಎಲೆಯ ವಾಸನೆ ಮುಖಕ್ಕೆ ಬಡಿಯಿತು. ವಾರಕ್ಕೆರಡು ಸಲ ಬೇಯಿಸುವ ಸೊಪ್ಪೇ ಅದು, ಹೊಸದೇನಲ್ಲ. ಆದರೆ ಅಂದು ಹೊರಗೆ ಚಳಿ ಬಿಗಿಯಾಗಿತ್ತು, ಕಿಟಕಿಯ ಗಾಜು ಬೆವರಿತ್ತು. ಚಳಿಯೂ ಆ ವಾಸನೆಯೂ ಒಟ್ಟಿಗೆ ಬಂದದ್ದರಿಂದಲೋ ಏನೋ, ಕೈಯಲ್ಲಿ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟೆ. ನರಸಿಂಹರಾಜಪುರದ ಒಂದು ಹಿತ್ತಲು ಕಣ್ಣ ಮುಂದೆ ಬಂತು. ಒಂದು ಜನವರಿಯ ಸಂಜೆ ಆ ಹಿತ್ತಲೆಲ್ಲ ಹೀಗೇ ಬೆಂದ ಸೊಪ್ಪಿನ ವಾಸನೆ ಬಂದಿತ್ತು. ಅಲ್ಲಿ ಒಲೆಯೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಅಷ್ಟೂ ಗಿಡಗಳನ್ನು ಬೇಯಿಸಿದ್ದು ಚಳಿ.

ನನಗಾಗ ಇಪ್ಪತ್ತೈದು ವರ್ಷ. ಚಳ್ಳಕೆರೆ ಕಡೆಯ ಹಳ್ಳಿಯವಳು. ಬಿಸಿಲು ಗೊತ್ತು, ಬೋರ್‌ವೆಲ್ ಗೊತ್ತು, ಒಣಗಿದ ಗಿಡಕ್ಕೆ ನೀರು ಹಾಕುವುದು ಗೊತ್ತು. ಸೀತೂರು ಕಡೆಯ ಒಂದು ಪ್ರಾಥಮಿಕ ಶಾಲೆಗೆ ಟೀಚರಾಗಿ ಮೊದಲ ಪೋಸ್ಟಿಂಗ್ ಆಯಿತು. ದಿನಾ ಬಸ್ಸಿನಲ್ಲಿ ಹೋಗಿ ಬರಲು ಅನುಕೂಲವೆಂದು ನರಸಿಂಹರಾಜಪುರದಲ್ಲೇ ಮನೆ ಹುಡುಕಿದೆ. ಪೇಟೆ ಮುಗಿದು ರಸ್ತೆ ಗದ್ದೆಬಯಲಿಗೆ ಇಳಿಯುವ ಕಡೆ, ಸಫಿಯಮ್ಮ ಎಂಬುವರ ಮನೆಯ ಹಿಂಭಾಗದ ಎರಡು ಕೋಣೆ ಸಿಕ್ಕಿತು.

ಸಫಿಯಮ್ಮನಿಗೆ ಅರವತ್ತರ ಆಸುಪಾಸು. ಗಂಡ ಪೇಟೆಯಲ್ಲಿ ಗೋಣಿಚೀಲದ ವ್ಯಾಪಾರ ಮಾಡಿಕೊಂಡಿದ್ದರಂತೆ, ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು ಮುಮ್ತಾಜ್ ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾ ದೊಡ್ಡಮ್ಮನ ಮನೆಯಲ್ಲಿದ್ದಳು. ಸಫಿಯಮ್ಮ ಮಾತಿನಲ್ಲಿ ಗಟ್ಟಿ, ಗಿಡದ ವಿಷಯದಲ್ಲಿ ಮೆತ್ತಗೆ. ಆ ಹಿತ್ತಲಿನಲ್ಲಿ ದಾಸವಾಳ, ಮಲ್ಲಿಗೆ, ಕ್ರೋಟನ್, ಸೇವಂತಿಗೆ, ಎರಡು ಪಪ್ಪಾಯಿ ಮರ, ಒಂದು ಬಸಳೆ ಚಪ್ಪರ ಇದ್ದವು. ಇವೆಲ್ಲಕ್ಕಿಂತ ಮುಖ್ಯವಾಗಿ, ಮನೆಯ ದಕ್ಷಿಣದ ಗೋಡೆಗೆ ಒತ್ತಿಕೊಂಡು ಬೆಳೆದ ಒಂದು ಮದರಂಗಿ ಗಿಡವಿತ್ತು. ಬುಡದಲ್ಲೇ ಮೂರು ಕವಲಾಗಿ ಮಾಡಿನ ಹೆಂಚು ಮುಟ್ಟುವಷ್ಟು ಎತ್ತರಕ್ಕೆ ಹೋಗಿತ್ತು.

"ಇದು ನನ್ನ ಜೊತೆ ಮದುವೆಯಾಗಿ ಬಂದದ್ದು ಟೀಚರೇ" ಎಂದಿದ್ದರು ಸಫಿಯಮ್ಮ, ಮನೆ ತೋರಿಸಿದ ಮೊದಲ ದಿನವೇ. "ಕಡೂರಿನಿಂದ ಒಂದು ಕಡ್ಡಿ ತಂದು ನೆಟ್ಟೆ. ಈ ಮಳೇಲಿ ಇದು ಬದುಕಲ್ಲ ಅಂದ್ರು ಎಲ್ಲರೂ. ನಾನೂ ಬದುಕಲ್ಲ ಅಂದ್ಕೊಂಡಿದ್ದೆ ಬಿಡಿ, ಅಷ್ಟು ಮಳೆ ಆಗ. ಇಬ್ಬರೂ ಬದುಕಿದ್ವಿ."

ನೀರು ನಿಲ್ಲಬಾರದೆಂದು ಅವರು ಮಣ್ಣು ಏರಿಸಿ, ಮರಳು ಬೆರೆಸಿ, ಮಳೆಗಾಲದಲ್ಲಿ ಬುಡಕ್ಕೆ ತಗಡು ಮುಚ್ಚಿ ಅದನ್ನು ಸಾಕಿದ್ದರು. ಆ ಬೀದಿಯಲ್ಲಿ ಯಾರ ಮದುವೆಯಾದರೂ ಮದರಂಗಿ ಸೊಪ್ಪು ಇಲ್ಲಿಂದಲೇ ಹೋಗುತ್ತಿತ್ತು. ನಾಗರಪಂಚಮಿಯ ಹಿಂದಿನ ದಿನ ಲಿಂಗಾಯತರ ಮನೆಯ ಹೆಣ್ಣುಮಕ್ಕಳು ತಟ್ಟೆ ಹಿಡಿದು ಬರುತ್ತಿದ್ದರು. ಈಗ ಮುಮ್ತಾಜಳ ಮದುವೆ ಏಪ್ರಿಲ್ ಕೊನೆಗೆಂದು ನಿಶ್ಚಯವಾಗಿತ್ತು. ಊರಿಗೆಲ್ಲ ಕೊಟ್ಟ ಗಿಡದಿಂದ ತನ್ನ ಮಗಳ ಕೈ ಕೆಂಪಾಗುವುದನ್ನು ಸಫಿಯಮ್ಮ ಕಾಯುತ್ತಿದ್ದರು.

ಡಿಸೆಂಬರ್ ಮಧ್ಯದಲ್ಲಿ ಶಿವಮೊಗ್ಗದಿಂದ ಫೋನ್ ಬಂತು. ಸಫಿಯಮ್ಮನ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ನೋಡಿಕೊಳ್ಳಲು ಸಫಿಯಮ್ಮ ಹೋಗಲೇಬೇಕಾಯಿತು, ಎರಡು ತಿಂಗಳಾದರೂ ಆಗಬಹುದೆಂದರು. ಹೊರಡುವಾಗ ಮನೆಯ ಬೀಗದ ಕೈ ನನ್ನ ಕೈಗೆ ಕೊಟ್ಟು, ಹಿತ್ತಲಿನ ಒಂದೊಂದು ಗಿಡದ ಮುಂದೆ ನಿಲ್ಲಿಸಿ ಯಾವುದಕ್ಕೆ ಎಷ್ಟು ನೀರು ಎಂದು ಹೇಳಿಕೊಟ್ಟರು. ಮದರಂಗಿಯ ಹತ್ತಿರ ಬಂದಾಗ ಮಾತ್ರ, "ಇದಕ್ಕೆ ಎಂತದೂ ಬೇಡ. ಸುಮ್ನೆ ನೋಡ್ಕೊಳ್ಳಿ" ಎಂದರು.

ನಾನು ಸುಮ್ಮನೆ ನೋಡಿಕೊಳ್ಳಲಿಲ್ಲ. ಅದೇ ನನ್ನ ತಪ್ಪಾಯಿತು.

ಜನವರಿ ಎರಡನೆಯ ವಾರ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹಿತ್ತಲಿನ ಹುಲ್ಲಿನ ಮೇಲೆ ಯಾರೋ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿತ್ತು. ಕೈಯಿಂದ ಮುಟ್ಟಿದರೆ ಬೆರಳು ಸುಟ್ಟಂತಾಗಿ, ಬಿಳುಪು ನೀರಾಯಿತು. ಇಬ್ಬನಿ ಹೆಪ್ಪುಗಟ್ಟಿತ್ತು. ಮಲೆನಾಡಿನಲ್ಲಿ ಚಳಿ ಇರುತ್ತದೆಂದು ಕೇಳಿದ್ದೆ, ಸ್ವೆಟರ್ ತಂದಿದ್ದೆ, ಆದರೆ ಇಬ್ಬನಿ ಹೆಪ್ಪುಗಟ್ಟುವುದು ಇಲ್ಲಿಯವರಿಗೂ ಅಪರೂಪವಂತೆ. ನಮ್ಮ ಮನೆ ತಗ್ಗಿನಲ್ಲಿತ್ತು. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ಸುತ್ತಲಿನ ದಿಬ್ಬಗಳ ಚಳಿಯೆಲ್ಲ ನೀರಿನ ಹಾಗೆ ಹರಿದು ಬಂದು ಆ ಗದ್ದೆಬಯಲಿನಲ್ಲೇ ನಿಲ್ಲುತ್ತದೆ ಎಂದು ಆಮೇಲೆ ತಿಳಿಯಿತು.

ನೋಡಲು ಚೆನ್ನಾಗಿತ್ತು. ಫೋನಿನಲ್ಲಿ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಆಮೇಲೆ ಗಿಡಗಳಿಗೆ ಚಳಿಯಾಗಿರಬೇಕು ಪಾಪ ಎನಿಸಿ, ಸ್ನಾನಕ್ಕೆ ಕಾಸಿದ್ದ ಬಿಸಿನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು ಎಲೆಗಳ ಮೇಲೆ ಸುರಿದೆ. ಮಗುವಿಗೆ ನೀರೆರೆದಷ್ಟು ಸಂತೋಷದಿಂದ ಶಾಲೆಗೆ ಹೋದೆ.

ಸಂಜೆ ಬಂದಾಗ ಗೇಟಿನ ಹತ್ತಿರವೇ ಆ ವಾಸನೆ ಹಿಡಿಯಿತು. ಬಸಳೆ ಚಪ್ಪರದಲ್ಲಿ ಬಳ್ಳಿಯೇ ಇರಲಿಲ್ಲ, ಕಪ್ಪು ಲೋಳೆ ತೂಗಾಡುತ್ತಿತ್ತು. ಪಪ್ಪಾಯಿ ಎಲೆಗಳು ಹಿಂಡದ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ದಾಸವಾಳದ ಎಲೆ ಕಪ್ಪು, ಕ್ರೋಟನ್ ಕಪ್ಪು. ಸೇವಂತಿಗೆ ಮಾತ್ರ ಏನೂ ಆಗದವರಂತೆ ನಗುತ್ತಿತ್ತು. ಓಡಿಹೋಗಿ ಮದರಂಗಿ ನೋಡಿದೆ. ಹಸಿರು ಹೋಗಿ ಕಂದು ತಿರುಗಿತ್ತು. ಕೈ ತಾಗಿದರೆ ಎಲೆಗಳು ಪುರಪುರನೆ ಉದುರಿದವು.

ಆ ರಾತ್ರಿ ಸಫಿಯಮ್ಮನ ಫೋನ್ ಬಂತು. ಮುಂದೆ ಹೋಗುತ್ತಿದ್ದ ಆಪರೇಷನ್ ಅಕ್ಕನಿಗೆ ಕೊನೆಗೂ ಆಗಿದೆ, ನೋವಿಗೆ ರಾತ್ರಿಯಿಡೀ ಕೂಗುತ್ತಾರೆ, ತಾನು ಮಲಗಿ ನಾಲ್ಕು ದಿನವಾಯಿತು ಎಂದರು. ಕೊನೆಗೆ, "ಹಿತ್ತಲು ಹೇಗಿದೆ ಟೀಚರೇ?" ಎಂದು ಕೇಳಿದರು.

"ಚೆನ್ನಾಗಿದೆ ಸಫಿಯಮ್ಮ" ಎಂದೆ.

"ಒಂದು ಫೋಟೋ ಕಳಿಸಿ, ಮುಮ್ತಾಜ್ ಫೋನಿಗೆ. ಇಲ್ಲಿ ಬರೀ ಗೋಡೆ ನೋಡಿ ನೋಡಿ ಸಾಕಾಗಿದೆ."

ನವೆಂಬರಿನಲ್ಲಿ ತೆಗೆದಿದ್ದ ಒಂದು ಫೋಟೋ ನನ್ನ ಫೋನಿನಲ್ಲಿತ್ತು, ಹಸಿರು ತುಂಬಿದ ಹಿತ್ತಲು. ಅದನ್ನೇ ಕಳಿಸಿದೆ. ನೊಂದವರಿಗೆ ಇನ್ನೊಂದು ನೋವು ಬೇಡವೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೆದರಿಕೆಯಾಗಿತ್ತು.

ಮರುದಿನ ರಜೆ ಹಾಕಿ ಹಿತ್ತಲು ಸರಿಮಾಡಲು ನಿಂತೆ. ಸತ್ತ ಎಲೆ ಕಣ್ಣಿಗೆ ಕಾಣದಿದ್ದರೆ ಸಾಕೆನಿಸಿತ್ತು. ಬಸಳೆ ಕಿತ್ತೆಸೆದೆ. ದಾಸವಾಳವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದೆ, ಕ್ರೋಟನ್ನುಗಳನ್ನು ಬೋಳಿಸಿದೆ. ಬೇಗ ಚಿಗುರಲೆಂದು ಪೇಟೆಯಿಂದ ಗೊಬ್ಬರ ತಂದು ಮುಷ್ಟಿಮುಷ್ಟಿ ಹಾಕಿ ಕೊಡಗಟ್ಟಲೆ ನೀರು ಹೊಯ್ದೆ. ಮೂರನೆಯ ದಿನ ಮತ್ತೆ ಬೆಳ್ಳಗೆ ಹೆಪ್ಪುಗಟ್ಟಿತು. ನಾನು ಕತ್ತರಿಸಿದ ತುದಿಗಳಿಂದ ಕಪ್ಪು ಕೆಳಗಿಳಿಯುತ್ತಾ ಬಂತು.

ಆ ಭಾನುವಾರ ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಗರಗಸ ತೆಗೆದುಕೊಂಡು ಮದರಂಗಿಯ ಹತ್ತಿರ ಹೋದೆ. ಎಲೆಯೆಲ್ಲ ಉದುರಿ ಪೊರಕೆಯ ಹಾಗೆ ನಿಂತಿತ್ತು. ಕಪ್ಪು ಬುಡಕ್ಕೆ ಇಳಿಯುವ ಮೊದಲೇ ಕತ್ತರಿಸಿಬಿಡಬೇಕೆಂದು ನನ್ನ ಲೆಕ್ಕ. ಮೂರು ಕವಲಿನಲ್ಲಿ ಒಂದನ್ನು ಬುಡದ ಹತ್ತಿರ ಕೊಯ್ದು ಮುಗಿಸಿದ್ದೆ. ಎರಡನೆಯದಕ್ಕೆ ಗರಗಸ ಇಟ್ಟಾಗ ಬೇಲಿಯ ಆಚೆಯಿಂದ ದನಿ ಬಂತು.

"ಟೀಚರಮ್ಮ, ಗರಗಸ ಕೆಳಗಿಡಿ."

ಪಕ್ಕದ ಮನೆಯ ರುದ್ರಪ್ಪನವರು. ಎಪ್ಪತ್ತು ದಾಟಿದ ಲಿಂಗಾಯತರ ಹಿರಿಯರು, ಭಂಡಿಗಡಿ ಕಡೆಯ ಎಸ್ಟೇಟಿನಲ್ಲಿ ಮಾಲಿಯಾಗಿ ಆಯುಷ್ಯವೆಲ್ಲ ದುಡಿದವರು. ನಾನು ಬಂದು ಏಳು ತಿಂಗಳಾಗಿದ್ದರೂ ನಮ್ಮ ಕಡೆ ಮುಖವೆತ್ತಿ ಮಾತಾಡಿದವರಲ್ಲ. ಸಫಿಯಮ್ಮನೂ ಅವರ ಹೆಸರೆತ್ತುತ್ತಿರಲಿಲ್ಲ. ಎರಡೂ ಮನೆಗಳ ನಡುವಿನ ಬೇಲಿಯಲ್ಲಿ ಮೊದಲು ದಾಟಿ ಹೋಗಲು ಜಾಗವಿತ್ತಂತೆ, ಈಗ ಅಡ್ಡಕ್ಕೆ ಬಿದಿರಿನ ಗಳ ಕಟ್ಟಿ ಮುಚ್ಚಿದ್ದರು.

"ಸತ್ತುಹೋಗಿದೆ ರುದ್ರಪ್ಪನವರೇ" ಎಂದೆ. ಅಲ್ಲಿಯವರೆಗೆ ತಡೆದಿದ್ದ ಅಳು ಬಂತು.

"ಸತ್ತಿದೆ ಅಂತ ನಿಮಗೆ ಯಾರು ಹೇಳಿದ್ದು? ಗಿಡ ಹೇಳ್ತಾ?" ಅವರು ಬಿದಿರಿನ ಗಳಕ್ಕೆ ಎರಡೂ ಕೈ ಊರಿ ನಿಂತರು. "ನಾಲ್ಕು ದಿನದಿಂದ ನೋಡ್ತಾ ಇದೀನಿ. ಒಂದೊಂದೇ ಕತ್ತರಿಸ್ತಾ ಬಂದ್ರಿ. ಹೇಳ್ಬೇಕು ಅಂತ ಬಾಯಿಗೆ ಬರ್ತಿತ್ತು, ಆ ಮನೆ ವಿಷಯ ನನಗೆಂತಕ್ಕೆ ಅಂತ ಸುಮ್ನಾದೆ. ಮದರಂಗಿಗೆ ಗರಗಸ ಹಾಕಿದ್ ಶಬ್ದ ಕೇಳಿ ಕೂರಕ್ಕಾಗ್ಲಿಲ್ಲ."

ಈಚೆ ಬಂದು ನೋಡಿ ಎಂದು ಕೇಳಿಕೊಂಡೆ. ಅವರು ಆಗದೆಂದು ತಲೆಯಾಡಿಸಿದರು.

"ಅವರು ಕರೀದೆ ನಾನು ಆ ಹಿತ್ತಲಿಗೆ ಕಾಲಿಡಲ್ಲ. ಇಲ್ಲಿಂದಲೇ ಹೇಳ್ತೀನಿ, ನೀವು ಮಾಡಿ."

ಹಾಗೆ ಶುರುವಾಯಿತು ನನ್ನ ಪಾಠ. ರುದ್ರಪ್ಪನವರು ಬೇಲಿಯ ಆಚೆ ಒಂದು ಮಣೆ ಹಾಕಿ ಕೂರುತ್ತಿದ್ದರು, ನಾನು ಈಚೆ ಕೆಲಸ ಮಾಡುತ್ತಿದ್ದೆ. ಬೇಲಿಗೆ ಹತ್ತಿರವಿದ್ದ ದಾಸವಾಳದ ಮೋಟಿನ ಮೇಲೆ ಮೊದಲು ಪರೀಕ್ಷೆ ಮಾಡಿಸಿದರು.

"ಉಗುರಿಂದ ತೊಗಟೆ ಒಂಚೂರು ಕೆರೀರಿ. ಎಂತ ಬಣ್ಣ?"

"ಕಂದು."

"ಇನ್ನೂ ಕೆಳಗೆ ಬನ್ನಿ."

"ಕಂದು... ಇಲ್ಲ, ಇಲ್ಲಿ ಹಸಿರಿದೆ."

"ಅಲ್ಲಿ ತನಕ ಜೀವ ಇದೆ. ಎಲೆ ಸತ್ರೆ ಕಡ್ಡಿ ಸತ್ತಂಗಲ್ಲ, ಕಡ್ಡಿ ಸತ್ರೆ ಬೇರು ಸತ್ತಂಗಲ್ಲ. ಚಿಗುರು ಬರೋ ತನಕ ಎಲ್ಲಿ ಕತ್ತರಿಸ್ಬೇಕು ಅಂತ ಯಾರಿಗೂ ಗೊತ್ತಾಗಲ್ಲ. ಸತ್ತ ಎಲೇನೂ ಇರ್ಲಿ ಬಿಡಬೇಕು ಮಾರಾಯ್ತಿ, ಮುಂದಿನ ಚಳಿಗೆ ಅದೇ ಕಂಬಳಿ."

ನಾನು ಮಾಡಿದ್ದೆಲ್ಲ ತಲೆಕೆಳಗೆಂದು ಒಂದೊಂದೇ ತಿಳಿಯುತ್ತಾ ಹೋಯಿತು. ಹೆಪ್ಪುಗಟ್ಟಿದ ಎಲೆಗೆ ಬಿಸಿನೀರು ಹಾಕಬಾರದು, ತಾನಾಗಿ ಕರಗಬೇಕು, ಎಳೆಬಿಸಿಲು ನೇರ ಬೀಳದಂತೆ ಮರೆ ಮಾಡಬೇಕು. ಗೊಬ್ಬರ ಹಾಕಿದರೆ ಗಿಡ ಚಳಿಯಲ್ಲೇ ಎಳೆ ಚಿಗುರು ಬಿಡುತ್ತದೆ, ಅದನ್ನು ಮುಂದಿನ ಇಬ್ಬನಿ ಮೊದಲು ತಿನ್ನುತ್ತದೆ. ಎಲೆಯಿಲ್ಲದ ಗಿಡ ನೀರು ಕುಡಿಯುವುದಿಲ್ಲ, ಹೊಯ್ದಷ್ಟೂ ಬೇರು ಕೊಳೆಯುತ್ತದೆ. ಹಾಕಿದ್ದ ಗೊಬ್ಬರವನ್ನು ಮಣ್ಣಿನ ಸಮೇತ ಕೆರೆದು ತೆಗೆಸಿದರು.

"ನಿಮ್ಮ ಮನೇಲಿ ಜ್ವರ ಬಂದವ್ರಿಗೆ ಹೋಳಿಗೆ ತಿನ್ನಿಸ್ತೀರಾ?" ಎಂದರು.

ಮೂಲೆಕೋಣೆಯಲ್ಲಿ ಸಫಿಯಮ್ಮನ ಗಂಡನ ಕಾಲದ ಹಳೆಯ ಗೋಣಿಚೀಲಗಳ ಒಂದು ಕಟ್ಟು ಇತ್ತು. ಗಿಡದ ಸುತ್ತ ಗೂಟ ನೆಟ್ಟು, ಚೀಲ ಗಿಡಕ್ಕೆ ತಾಗದ ಹಾಗೆ ಸಂಜೆ ಹೊತ್ತು ಮುಳುಗುವ ಮೊದಲು ಹೊದಿಸಬೇಕು. ಬೆಳಿಗ್ಗೆ ಬಿಸಿಲು ಸ್ವಲ್ಪ ಏರಿದ ಮೇಲೆ ತೆಗೆಯಬೇಕು. ಬುಡಕ್ಕೆ ದರಗು, ಅಂದರೆ ಕಾಡಿನ ಒಣಎಲೆ, ದಪ್ಪಗೆ ಹಾಸಬೇಕು. ದರಗನ್ನು ಅವರ ಹೆಂಡತಿ ಗೌರಮ್ಮನವರು ಬುಟ್ಟಿಯಲ್ಲಿ ತುಂಬಿ ಬೇಲಿಯ ಮೇಲಿಂದ ದಾಟಿಸುತ್ತಿದ್ದರು. ಶಾಲೆಯಿಂದ ಬಂದು ಚೀಲ ಹೊದಿಸುವುದು, ಬೆಳಿಗ್ಗೆ ಬಸ್ಸಿಗೆ ಮೊದಲು ತೆಗೆಯುವುದು ದಿನಚರಿಯಾಯಿತು. ಒಂದು ದಿನ ಬಸ್ಸು ತಪ್ಪಿ ತಡವಾಗಿ ಬಂದರೆ ದಾಸವಾಳಕ್ಕೆ ಆಗಲೇ ಚೀಲ ಹೊದಿಸಿತ್ತು. ಬೇಲಿಯ ಆಚೆಯಿಂದಲೇ ಕೊಕ್ಕೆಕೋಲು ಚಾಚಿ ಆ ಮುದುಕರು ಹೊದಿಸಿದ್ದರು. ಕಾಲು ಮಾತ್ರ ಈಚೆ ಇಟ್ಟಿರಲಿಲ್ಲ.

ಜಗಳವೇನೆಂದು ಗೌರಮ್ಮನವರು ಒಂದು ದಿನ ಹೇಳಿದರು. ಸಫಿಯಮ್ಮನ ಹಲಸಿನ ಮರದ ಒಂದು ದೊಡ್ಡ ಕೊಂಬೆ ಇವರ ಮನೆಯ ಹೆಂಚಿನ ಮೇಲೆ ಬಾಗಿತ್ತು. ಮಳೆಗಾಲದಲ್ಲಿ ಮುರಿದು ಬಿದ್ದರೆ ಎಂಬ ಹೆದರಿಕೆಯಲ್ಲಿ ರುದ್ರಪ್ಪನವರು ಅದನ್ನು ಕಡಿಸಿದರು. ಸಫಿಯಮ್ಮನ ಗಂಡ ತೀರಿ ನಲವತ್ತು ದಿನ ತುಂಬಿರಲಿಲ್ಲ. ಗಂಡ ನೆಟ್ಟ ಮರ. ಕೇಳದೆ ಕಡಿದದ್ದಕ್ಕೆ ಸಫಿಯಮ್ಮ ಬೀದಿಯಲ್ಲಿ ನಿಂತು ಆಡಬಾರದ ಮಾತು ಆಡಿದರು. ಮರುದಿನ ಬೇಲಿಗೆ ಬಿದಿರಿನ ಗಳ ಬಿತ್ತು.

ಇದನ್ನು ಕೇಳಿದ ಮೇಲೆ ರುದ್ರಪ್ಪನವರಿಗೆ ಮುಖ ತೋರಿಸಲು ನನಗೆ ಮುಜುಗರವಾಯಿತು. ಅವರೇ ಮಾತು ತೆಗೆದರು.

"ಗೌರಿ ಹೇಳಿರ್ಬೇಕು ನಿಮಗೆ. ಕೊಂಬೆ ಕಡಿಯೋದು ತಪ್ಪಲ್ಲ, ಕಡಿಯೋ ಹೊತ್ತು ತಪ್ಪು. ಒಂದು ತಿಂಗಳು ಕಾದು ಅವರನ್ನೇ ಕೇಳಿದ್ರೆ ಅವರೇ ಕತ್ತಿ ಕೊಡ್ತಿದ್ರು. ಗಿಡದ ಕೆಲಸ ಐವತ್ತು ವರ್ಷ ಮಾಡಿದವನಿಗೆ ಅಷ್ಟು ಗೊತ್ತಾಗ್ಲಿಲ್ಲ ನೋಡಿ." ಆಮೇಲೆ ಕೇಳಿದರು: "ಅವರಿಗೆ ಹೇಳಿದೀರಾ, ಇಲ್ಲಿ ಹೀಗಾಗಿದೆ ಅಂತ?"

ಹಳೆಯ ಫೋಟೋ ಕಳಿಸಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. "ಹೇಳಿಬಿಡಿ. ದಿನ ಹೋದಷ್ಟೂ ಕಷ್ಟ ಆಗ್ತದೆ. ನನ್ನ ನೋಡಿ ಕಲೀರಿ" ಎಂದರು.

ಹೇಳಲು ನನಗೆ ಇನ್ನೂ ಎರಡು ದಿನ ಹಿಡಿಯಿತು. ಯಾಕೆಂದರೆ ಮದರಂಗಿಯ ವಿಷಯದಲ್ಲಿ ಧೈರ್ಯದ ಮಾತೊಂದೂ ನನ್ನ ಬಳಿ ಇರಲಿಲ್ಲ. ಅದು ಮನೆಯ ಇನ್ನೊಂದು ಬದಿಯಲ್ಲಿತ್ತು, ಬೇಲಿಯಿಂದ ರುದ್ರಪ್ಪನವರ ಕಣ್ಣಿಗೆ ತುದಿ ಮಾತ್ರ ಕಾಣುತ್ತಿತ್ತು. ನಾನು ಉಗುರಿನಿಂದ ಕೆರೆದಲ್ಲೆಲ್ಲ ಕಂದು. ಕಡ್ಡಿ ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತಿತ್ತು. ನಾನು ಕೊಯ್ದ ಕವಲಿನ ಮೋಟು ಕಾಣದಂತೆ ಅದರ ಮೇಲೂ ದರಗು ಹಾಸಿದ್ದೆ.

ಒಂದು ಶನಿವಾರ ಮಧ್ಯಾಹ್ನ ಸಫಿಯಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬಿಸಿನೀರು, ಕತ್ತರಿ, ಗೊಬ್ಬರ, ಗರಗಸ, ಸುಳ್ಳು ಫೋಟೋ, ಏನನ್ನೂ ಬಿಡಲಿಲ್ಲ. ಆಮೇಲೆ ಸಫಿಯಮ್ಮ ನಿಧಾನವಾಗಿ ಹೇಳಿದರು:

"ಫೋಟೋ ನೋಡಿದ ದಿನವೇ ಗೊತ್ತಾಯ್ತು ಟೀಚರೇ. ಹಿಂದುಗಡೆ ರುದ್ರಪ್ಪನೋರ ಜಗಲೀಲಿ ದೀಪಾವಳಿ ಗೂಡುದೀಪ ತೂಗ್ತಾ ಇತ್ತು. ಜನವರೀಲಿ ಯಾರು ಗೂಡುದೀಪ ಕಟ್ತಾರೆ?"

"ಮತ್ತೆ ಯಾಕೆ ಕೇಳಲಿಲ್ಲ ನೀವು?"

"ಕೇಳಿದ್ರೆ ನೀವು ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು. ಇಲ್ಲಿ ಅಕ್ಕನ ಕೂಗಾಟದಲ್ಲಿ ನನಗೂ ಕೇಳೋ ಶಕ್ತಿ ಇರ್ಲಿಲ್ಲ." ಆಮೇಲೆ ಕೇಳಿದರು: "ಮೆಹಂದಿ ಹೋಯ್ತಾ?"

"ಗೊತ್ತಿಲ್ಲ. ಎಲ್ಲಿ ಕೆರೆದರೂ ಕಂದು."

"ಈ ಕೆರೆಯೋದು ಗಿರೆಯೋದು ಎಲ್ಲ ನಿಮಗೆ ಯಾರು ಹೇಳಿಕೊಟ್ರು?"

ಹೆಸರು ಹೇಳಿದೆ. ಫೋನ್ ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ.

"ಬೇಲಿ ದಾಟಿ ಬಂದ್ರಾ?"

"ಇಲ್ಲ. ಆಚೆಯಿಂದಲೇ ಹೇಳ್ತಾರೆ. ನೀವು ಕರೆಯದೆ ಕಾಲಿಡಲ್ಲವಂತೆ."

"ಹಟಮಾರಿ ಮುದುಕ" ಎಂದರು ಸಫಿಯಮ್ಮ. "ಆ ಗಳ ಬಿಚ್ಚಿ ಹಾಕಿ ಟೀಚರೇ. ಸಫಿಯಾ ಕರೆದ್ಲು ಅಂತ ಹೇಳಿ. ಬಂದು ನೋಡಿ, ಇದ್ಯೋ ಇಲ್ವೋ ಹೇಳ್ಲಿ. ಅವರು ಇಲ್ಲ ಅಂದ್ರೆ ಇಲ್ಲ."

ಬಿದಿರಿನ ಗಳದ ಕಟ್ಟು ಬಿಗಿಯಾಗಿತ್ತು, ಕುಡುಗೋಲಿನಿಂದ ಕತ್ತರಿಸಿದೆ. ಹೇಳಿಕಳಿಸುವ ಅಗತ್ಯವೇ ಬೀಳಲಿಲ್ಲ. ಶಬ್ದ ಕೇಳಿ ರುದ್ರಪ್ಪನವರು ಜಗಲಿಗೆ ಬಂದು ನಿಂತಿದ್ದರು. ಸಫಿಯಮ್ಮನ ಮಾತು ಹೇಳಿದಾಗ ಒಳಗೆ ಹೋದರು. ಬರುವುದಿಲ್ಲವೇನೋ ಅಂದುಕೊಂಡೆ. ತೊಳೆದ ಅಂಗಿ ಹಾಕಿಕೊಂಡು ಬಂದರು. ಬೇಲಿ ದಾಟುವಾಗ ಯಾವುದೋ ನೆಂಟರ ಮನೆಯ ಹೊಸ್ತಿಲು ದಾಟುವವರ ಹಾಗೆ ಚಪ್ಪಲಿ ಬಿಟ್ಟರು.

ಮದರಂಗಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಮುಟ್ಟದೆ ನೋಡಿದರು. ಆಮೇಲೆ ದರಗು ಸರಿಸಿ, ಬುಡದ ಮಣ್ಣನ್ನು ಬೆರಳಿನಿಂದ ಒಂದು ಗೇಣು ಬಿಡಿಸಿದರು. ನೆಲದೊಳಗಿದ್ದ ಕಾಂಡದ ಭಾಗವನ್ನು ಉಗುರಿನಿಂದ ಕೆರೆದರು. ಕಂದು. ತಿರುಗಿ ಗೋಡೆಯ ಬದಿಗೆ ಕೈ ಹಾಕಿ, ಗೋಡೆಗೆ ಒತ್ತಿಕೊಂಡಿದ್ದ ಕವಲಿನ ಹಿಂಭಾಗ ಕೆರೆದರು.

"ಇಲ್ಲಿ ನೋಡಿ."

ಬಗ್ಗಿ ನೋಡಿದೆ. ದಾರದಷ್ಟು ಹಸಿರು.

"ಗೋಡೆ ಕಾದಿದೆ ಇದನ್ನ" ಎಂದರು. "ಹಗಲು ಕುಡಿದ ಬಿಸಿಲನ್ನ ರಾತ್ರಿ ಕೊಟ್ಟಿದೆ. ಈ ಕವಲಿಗೆ ನೀವು ಮೊದಲು ಗರಗಸ ಹಾಕಿದ್ರೆ ಮುಗೀತಿತ್ತು. ಈಗ್ಲೂ ಉಳೀತದೆ ಅಂತ ಹೇಳಲ್ಲ ನಾನು. ಜೀವ ಇದೆ ಅಂತ ಮಾತ್ರ ಹೇಳ್ತೀನಿ."

ಫೆಬ್ರವರಿ ಪೂರ್ತಿ ಕಾದೆವು. ಚಳಿ ಬಿಟ್ಟಿತು, ಚೀಲಗಳನ್ನು ಒಣಗಿಸಿ ಮಡಚಿಟ್ಟೆ. ದಾಸವಾಳ ಮೊದಲು ಚಿಗುರಿತು, ನಾನು ಬೋಳಿಸಿದ ಕ್ರೋಟನ್ನುಗಳಲ್ಲಿ ಎರಡು ಸತ್ತವು, ಪಪ್ಪಾಯಿ ಒಂದು ಉಳಿಯಿತು. ಚಿಗುರು ಬಂದ ಮೇಲೆ ಎಲ್ಲಿ ಕತ್ತರಿಸಬೇಕೆಂದು ಗಿಡವೇ ತೋರಿಸಿತು. ಹಸಿರಿನ ಒಂದು ಬೆರಳು ಮೇಲೆ ಓರೆಯಾಗಿ ಕತ್ತರಿಸುವುದನ್ನು ರುದ್ರಪ್ಪನವರು ಕೈ ಹಿಡಿದು ಕಲಿಸಿದರು. ಮದರಂಗಿ ಮಾತ್ರ ಹಾಗೇ ನಿಂತಿತ್ತು.

ಮಾರ್ಚ್ ಮೊದಲ ವಾರ ಸಫಿಯಮ್ಮ ಬಂದರು. ಸೊರಗಿದ್ದರು. ಬ್ಯಾಗು ಜಗಲಿಯಲ್ಲಿಟ್ಟು ನೇರ ಹಿತ್ತಲಿಗೆ ಹೋದರು. ಮದರಂಗಿಯ ಮುಂದೆ ನಿಂತರು, ನಾನು ಕೊಯ್ದ ಮೋಟಿನ ಮೇಲೆ ಅಂಗೈ ಇಟ್ಟರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಆ ಹೊತ್ತಿಗೆ ರುದ್ರಪ್ಪನವರು ಬೇಲಿಯ ಹತ್ತಿರ ಬಂದರು. ಗಳ ಇರಲಿಲ್ಲ, ಆದರೂ ಅಲ್ಲೇ ನಿಂತರು.

"ಅಕ್ಕ ಹೇಗಿದಾರೆ?" ಎಂದು ಕೇಳಿದರು.

"ವಾಕರ್ ಹಿಡ್ಕೊಂಡು ಓಡಾಡ್ತಾಳೆ."

"ಆ ದಿನ ನಾನು ಕೇಳ್ಬೇಕಿತ್ತು ಸಫಿಯಮ್ಮ. ಕೊಂಬೆ."

"ನಾನೂ ಅಷ್ಟು ಮಾತಾಡ್ಬಾರದಿತ್ತು" ಎಂದರು ಸಫಿಯಮ್ಮ. "ಬನ್ನಿ, ಚಾ ಇಡ್ತೀನಿ. ಗೌರಮ್ಮನ್ನೂ ಕರೀರಿ."

ಅಷ್ಟೇ. ಎರಡು ವರ್ಷದ ಜಗಳ ಮುಗಿಯುವುದಕ್ಕೆ ಬೇಕಾದದ್ದು ಅಷ್ಟೇ ಮಾತು. ನಾನು ಚಾ ಲೋಟಗಳನ್ನು ಹೊರತಂದಾಗ ಅವರು ಮೂವರೂ ಹಲಸಿನ ಮರದಲ್ಲಿ ಈ ವರ್ಷ ಎಷ್ಟು ಕಾಯಿ ಹಿಡಿದಿದೆಯೆಂದು ಮಾತಾಡುತ್ತಿದ್ದರು.

ಮಾರ್ಚ್ ಕೊನೆಗೆ ಮೊದಲ ಮಳೆ ಬಂತು, ಗುಡುಗಿನ ಜೊತೆ ಒಂದು ಗಂಟೆ. ಅದಾದ ಐದನೆಯ ದಿನ ಬಸ್ಸಿಗೆ ಹೊರಟವಳನ್ನು ಸಫಿಯಮ್ಮ ಕೂಗಿ ಕರೆದರು. ಗೋಡೆಯ ಬದಿಯ ಕವಲಿನ ಬುಡದಲ್ಲಿ, ಮಣ್ಣಿನಿಂದ ನಾಲ್ಕು ಬೆರಳು ಮೇಲೆ, ಗುಂಡುಸೂಜಿ ತಲೆಯಷ್ಟು ಕೆಂಪು ಮೊಗ್ಗುಗಳು. ಅವರಾಗಲೇ ರುದ್ರಪ್ಪನವರನ್ನು ಕರೆಸಿದ್ದರು. ಮೂವರೂ ಅದರ ಮುಂದೆ ಮಕ್ಕಳ ಹಾಗೆ ಕೂತೆವು. ಅವತ್ತು ನನ್ನ ಬಸ್ಸು ತಪ್ಪಿತು, ಹೆಡ್‌ಮಾಸ್ಟರರಿಗೆ ನಿಜವಾದ ಕಾರಣವನ್ನೇ ಹೇಳಿದೆ.

ಮದುವೆಗೆ ಇನ್ನು ನಾಲ್ಕು ವಾರವಿತ್ತು. ಚಿಗುರು ನಿಧಾನಕ್ಕೆ ಎಲೆಯಾಯಿತು. ಬೇಸಿಗೆ ರಜೆ ಶುರುವಾಗಿತ್ತು, ಆದರೂ ನಾನು ಊರಿಗೆ ಹೋಗಲಿಲ್ಲ. ಮದುವೆಯ ಮುನ್ನಾದಿನ ಮನೆ ತುಂಬ ನೆಂಟರು. ಕೈಗೆ ಚಿತ್ತಾರ ಬಿಡಿಸಲು ಮುಮ್ತಾಜಳ ಗೆಳತಿಯರು ಶಿವಮೊಗ್ಗದಿಂದ ಮೆಹಂದಿ ಕೋನುಗಳನ್ನು ತಂದಿದ್ದರು. ಆ ಚೋಟುದ್ದದ ಚಿಗುರಿನಿಂದ ಎರಡು ಕೈ ತುಂಬುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಸಫಿಯಮ್ಮ ಒಂದು ಸಣ್ಣ ಸ್ಟೀಲ್ ಬಟ್ಟಲು ತಂದು ನನ್ನ ಕೈಗೆ ಕೊಟ್ಟರು.

"ಸೊಪ್ಪು ನೀವೇ ಕೊಯ್ದು ತನ್ನಿ ಟೀಚರೇ."

"ನಾನು ಬೇಡ ಸಫಿಯಮ್ಮ. ಕವಲು ಕೊಯ್ದವಳು ನಾನು."

"ಅದಕ್ಕೇ ಹೇಳೋದು. ಆ ಕೈ ಹೆದರ್ಕೊಂಡು ಕೂತ್ರೆ ನಾಳೆ ಯಾವ ಗಿಡಾನೂ ಮುಟ್ಟಲ್ಲ. ಹೋಗಿ."

ತುದಿಯ ಎಳೆಎಲೆಗಳನ್ನು ಬಿಟ್ಟು, ಕೆಳಗಿನ ಬಲಿತ ಎಲೆಗಳನ್ನು ಒಂದೊಂದಾಗಿ ಚಿವುಟಿದೆ. ಬಟ್ಟಲಿನ ತಳ ಮುಚ್ಚುವಷ್ಟಾಯಿತು. ಗೌರಮ್ಮನವರು ಅದನ್ನು ನಿಂಬೆರಸ, ಚಾ ಡಿಕಾಕ್ಷನ್ ಹಾಕಿ ಕಲ್ಲಿನಲ್ಲಿ ಅರೆದರು, ನಾನು ಕಲ್ಲು ಬಳಿದು ಕೊಟ್ಟೆ. ಕೋನಿನ ಚಿತ್ತಾರ ಬಿಡಿಸುವವರಿಗೆ ಮುಮ್ತಾಜಳ ಎರಡೂ ಅಂಗೈಗಳ ನಡುವೆ ಒಂದು ರೂಪಾಯಿ ಅಗಲದ ಜಾಗ ಬಿಡಲು ಮೊದಲೇ ಹೇಳಿದ್ದರು. ಸಫಿಯಮ್ಮ ಅರೆದದ್ದನ್ನು ಬೆರಳಿನಲ್ಲಿ ತೆಗೆದು ಆ ಜಾಗಗಳಲ್ಲಿ ದುಂಡಗೆ ಇಟ್ಟರು. ಇಟ್ಟು ಮಗಳ ಕೈ ಬಿಡದೆ ಹಾಗೇ ಹಿಡಿದುಕೊಂಡು ಕೂತರು. ಯಾರೂ ಅವಸರ ಮಾಡಲಿಲ್ಲ.

ಮರುದಿನ ಮುಮ್ತಾಜಳ ಅಂಗೈ ನೋಡಿದೆವು. ಸುತ್ತಲಿನ ಚಿತ್ತಾರ ಒಂದು ಬಣ್ಣ, ನಡುವಿನ ಚುಕ್ಕೆ ಬೇರೆಯೇ ಬಣ್ಣ. ಅಷ್ಟು ಗಾಢ ಕೆಂಪು. ಮದುವೆಯ ಊಟಕ್ಕೆ ರುದ್ರಪ್ಪನವರೂ ಬಂದರು. ಅವರಿಗೆಂದು ಸಫಿಯಮ್ಮ ಗೌರಮ್ಮನವರ ಮನೆಯಲ್ಲೇ, ಗೌರಮ್ಮನವರ ಕೈಯಿಂದಲೇ ಪಾಯಸ ಮಾಡಿಸಿ ತರಿಸಿದ್ದರು. ಅವರು ಎರಡು ಸಲ ಹಾಕಿಸಿಕೊಂಡರು.

ಆಮೇಲೆ ನಾನು ಆ ಮನೆಯಲ್ಲಿ ಐದು ವರ್ಷವಿದ್ದೆ. ಬೇರೆ ಕಡೆ ವರ್ಗವಾಗಿ, ಮದುವೆಯಾಗಿ ಕೊಪ್ಪಕ್ಕೆ ಬಂದೆ. ರುದ್ರಪ್ಪನವರು ಈಗಿಲ್ಲ. ಸಫಿಯಮ್ಮ ಇದ್ದಾರೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಗಿಡದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಒಂದು ಚಳಿಗಾಲದ್ದು. ಮನುಷ್ಯರ ಬಗ್ಗೆ ಗೊತ್ತಿರುವುದರಲ್ಲೂ ಬಹುಪಾಲು ಅಲ್ಲಿಯದೇ. ಕಲಿಸಿದವರು ಯಾರೂ ಕಲಿಸುತ್ತಿದ್ದೇವೆ ಎಂದುಕೊಂಡಿರಲಿಲ್ಲ, ಅದಕ್ಕೆ ಋಣ ಇನ್ನೂ ಹೆಚ್ಚು.

ಅಂದು ಮುಮ್ತಾಜಳ ಮದುವೆಯ ಮರುದಿನ ಉಳಿದ ರಜೆಗೆಂದು ಊರಿಗೆ ಹೊರಟು ಶಿವಮೊಗ್ಗದ ಬಸ್ಸು ಹತ್ತಿದೆ. ಟಿಕೆಟ್ಟಿಗೆ ಕೈ ಚಾಚಿದಾಗ ಪಕ್ಕದ ಸೀಟಿನಲ್ಲಿದ್ದ ಹೆಂಗಸು ನನ್ನ ಬೆರಳುಗಳನ್ನು ನೋಡಿದರು. ಸೊಪ್ಪು ಚಿವುಟಿ, ಕಲ್ಲು ಬಳಿದು, ಬಲಗೈಯ ಐದೂ ಬೆರಳಿನ ತುದಿ ಕೆಂಪಾಗಿದ್ದವು.

"ಯಾರ ಮದುವೆಗೆ ಹೋಗಿದ್ರಿ?" ಎಂದು ಕೇಳಿದರು.

"ನಮ್ಮ ಮನೇದೇ" ಎಂದೆ.

ಬಸ್ಸು ಪೇಟೆ ದಾಟಿತು. ಆ ಹೆಂಗಸು ಮದುವೆಯ ವಿಷಯವನ್ನೆಲ್ಲ ಕೇಳಿದರು, ದಾರಿಯುದ್ದಕ್ಕೂ ನಾನು ಹೇಳುತ್ತಾ ಹೋದೆ.